ಸಿಗರೇಟಿಗೂ ಮೊಡವೆಗೂ ಇರುವ ನಂಟು: ಮೊದಲು ಕೇಳಬೇಕಾದ್ದು ಯಾವ ಮೊಡವೆ ಎಂದು

ಇಪ್ಪತ್ತೊಂದು ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ ಎಂಬ ತಿದ್ದುಪಡಿ ಕಾಯ್ದೆ ಕರ್ನಾಟಕದಲ್ಲಿ 2025ರ ಮೇ ತಿಂಗಳ ಕೊನೆಗೆ ಜಾರಿಗೆ ಬಂತು. ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1,000 ರೂಪಾಯಿಗೆ ಏರಿತು. ಆದರೆ ಕಾಲೇಜಿನ ಹುಡುಗನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂಬುದು ಇನ್ನೂ ಮೂವತ್ತು ವರ್ಷ ಆಚೆಯ ಮಾತು. ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ಮೊಡವೆ ಇವತ್ತಿನದು. ಅದಕ್ಕೇ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲೂ ತರಗತಿಗಳಲ್ಲೂ ಒಂದು ಮಾತು ಸಲೀಸಾಗಿ ಬಂದುಬಿಡುತ್ತದೆ: "ಸಿಗರೇಟು ಬಿಡು ಮಾರಾಯ, ಮೊಡವೆ ತಾನಾಗೇ ಹೋಗ್ತದೆ."

ಈ ಮಾತು ಕೆಲವರ ಮಟ್ಟಿಗೆ ನಿಜ, ಹಲವರ ಮಟ್ಟಿಗೆ ಅಲ್ಲ. ನಿಜವಲ್ಲದವರಿಗೂ ಅದನ್ನೇ ಹೇಳಿದರೆ ಆಗುವ ನಷ್ಟ ಸಣ್ಣದಲ್ಲ. ಹದಿನೆಂಟರ ಹುಡುಗ ಒಂದು ತಿಂಗಳು ಕಷ್ಟಪಟ್ಟು ಬಿಡುತ್ತಾನೆ, ಮೊಡವೆ ಇದ್ದಲ್ಲೇ ಇರುತ್ತದೆ. ಮೊಡವೆಯ ವಿಷಯದಲ್ಲಿ ಹೇಳಿದ್ದು ಸುಳ್ಳಾದ ಮೇಲೆ ಹೃದಯದ ವಿಷಯದಲ್ಲಿ, ಶ್ವಾಸಕೋಶದ ವಿಷಯದಲ್ಲಿ ಹೇಳಿದ್ದನ್ನೂ ಅವನು ನಂಬುವುದಿಲ್ಲ. ಹಾಗಾಗಿ ಯಾವ ಮೊಡವೆಗೂ ಸಿಗರೇಟಿಗೂ ನಂಟಿದೆ, ಯಾವುದಕ್ಕೆ ಇಲ್ಲ ಎಂಬುದನ್ನು ಬಿಡಿಸಿ ನೋಡಲೇಬೇಕು.

ಮೊಡವೆ ಹುಟ್ಟುವುದು ರೋಮಕೂಪದಲ್ಲಿ. ಮುಖ, ಎದೆ, ಬೆನ್ನಿನ ರೋಮಕೂಪಗಳಿಗೆ ದೊಡ್ಡ ತೈಲಗ್ರಂಥಿಗಳು ಅಂಟಿಕೊಂಡಿರುತ್ತವೆ. ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನು ಏರಿದಾಗ ಆ ಗ್ರಂಥಿಗಳು ಹಿಗ್ಗಿ ಜಿಡ್ಡು ಹೆಚ್ಚಾಗುತ್ತದೆ. ಅದೇ ಹೊತ್ತಿಗೆ ಕೂಪದ ಒಳಗೋಡೆಯ ಜೀವಕೋಶಗಳು ಉದುರಿ ಹೊರಹೋಗುವ ಬದಲು ಒಂದಕ್ಕೊಂದು ಅಂಟಿಕೊಂಡು ಬಾಯಿ ಕಟ್ಟುತ್ತವೆ. ತೋಟದ ಬಸಿಗಾಲುವೆಗೆ ಸೋಗೆ ಬಿದ್ದು ಕಟ್ಟಿಕೊಂಡರೆ ಹಿಂದೆ ನೀರು ನಿಲ್ಲುವ ಹಾಗೆ ಒಳಗೆ ಜಿಡ್ಡು ನಿಲ್ಲುತ್ತದೆ. ಈ ಹಂತದಲ್ಲಿ ಕಾಣುವುದು ಬ್ಲ್ಯಾಕ್‌ಹೆಡ್ ಅಥವಾ ಬಾಯಿ ಮುಚ್ಚಿದ, ಚರ್ಮದ ಬಣ್ಣದ ಸಣ್ಣ ಗುಳ್ಳೆ. ಎರಡಕ್ಕೂ ವೈದ್ಯರು ಕಾಮೆಡೋನ್ ಎನ್ನುತ್ತಾರೆ. ನೋವಿಲ್ಲ, ಕೆಂಪಿಲ್ಲ. ನಿಂತ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆದು, ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಎರಗಿದಾಗ ಉರಿಯೂತ ಶುರುವಾಗುತ್ತದೆ. ಕೆಂಪು ಗುಳ್ಳೆ, ಕೀವು, ಕೆಲವರಿಗೆ ಆಳದ ಗಂಟು, ಕೊನೆಗೆ ಗುಳಿ.

ಕಟ್ಟಿಕೊಳ್ಳುವುದು ಒಂದು ಘಟನೆ, ಉರಿಯುವುದು ಇನ್ನೊಂದು. ಸಿಗರೇಟಿನ ಹೊಗೆ ಇವೆರಡರ ಮೇಲೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಇಡೀ ಗೊಂದಲದ ಬೇರು ಇಲ್ಲಿದೆ.

ಅಂಕಿಗಳು ಯಾಕೆ ಒಂದಕ್ಕೊಂದು ಹೊಂದುವುದಿಲ್ಲ

2001ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಅಧ್ಯಯನವೊಂದು ಪ್ರಕಟವಾಯಿತು. ಆಸ್ಪತ್ರೆಗೆ ಬಂದ ರೋಗಿಗಳನ್ನಲ್ಲ, ಊರಿನ ಸಾಮಾನ್ಯ ಜನರನ್ನು ನೋಡಿದ ಅಧ್ಯಯನ ಅದು: 1ರಿಂದ 87 ವರ್ಷದೊಳಗಿನ 896 ಜನ. ಸೇದುವವರಲ್ಲಿ ಶೇ 40.8ರಷ್ಟು ಮಂದಿಗೆ ಮೊಡವೆ ಇತ್ತು, ಸೇದದವರಲ್ಲಿ ಶೇ 25.2. ದಿನಕ್ಕೆ ಸೇದುವ ಸಂಖ್ಯೆ ಏರಿದಂತೆ ಮೊಡವೆಯ ತೀವ್ರತೆಯೂ ಏರಿತ್ತು. ಸಿಗರೇಟಿನಿಂದ ಮೊಡವೆ ಎನ್ನುವವರೆಲ್ಲ ತೋರಿಸುವುದು ಇದನ್ನೇ.

ಐದು ವರ್ಷ ಕಳೆದು, 2006ರಲ್ಲಿ, ಇಸ್ರೇಲಿನಿಂದ ಇದಕ್ಕೆ ವಿರುದ್ಧವಾದ ಫಲಿತಾಂಶ ಬಂತು. 1983ರಿಂದ 2003ರವರೆಗೆ ಸೇನಾ ಸೇವೆ ಮುಗಿಸಿ ಹೊರಬರುವಾಗ ತಪಾಸಣೆಗೆ ಒಳಗಾದ 27,083 ಯುವಕರ ದಾಖಲೆ. ತೀವ್ರ ಮೊಡವೆ ಸೇದುವವರಲ್ಲಿ ಶೇ 0.71, ಸೇದದವರಲ್ಲಿ ಶೇ 1.01. ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಸೇದುವವರಲ್ಲಿ ಈ ಇಳಿಕೆ ಇನ್ನೂ ಸ್ಪಷ್ಟ. ಮಾದರಿ ಹ್ಯಾಂಬರ್ಗಿಗಿಂತ ಮೂವತ್ತು ಪಟ್ಟು ದೊಡ್ಡದು, ಆದ್ದರಿಂದ ಇದನ್ನು ತಳ್ಳಿಹಾಕುವ ಹಾಗಿಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಅವು ಕೇಳಿದ ಪ್ರಶ್ನೆಯೇ ಬೇರೆ ಎಂಬುದು ತಿಳಿಯುತ್ತದೆ. ಹ್ಯಾಂಬರ್ಗಿನವರು ಎಲ್ಲ ವಯಸ್ಸಿನವರಲ್ಲಿ ಎಲ್ಲ ಬಗೆಯ ಮೊಡವೆಯನ್ನೂ ಎಣಿಸಿದರು. ಸಣ್ಣಪುಟ್ಟ ಮೊಡವೆ ಇದ್ದವರೂ ಲೆಕ್ಕಕ್ಕೆ ಬಂದರು. ಇಸ್ರೇಲಿನವರು ಎಣಿಸಿದ್ದು ಇಪ್ಪತ್ತರ ಆಸುಪಾಸಿನ ಗಂಡಸರ ತೀವ್ರ, ಉರಿಯೂತದ, ಗಂಟುಗಂಟಾದ ಮೊಡವೆಯನ್ನು ಮಾತ್ರ: 27 ಸಾವಿರದಲ್ಲಿ ಬರೀ 237 ಮಂದಿ. ಮೊದಲನೆಯದು ಕಟ್ಟಿಕೊಂಡದ್ದು, ಉರಿದದ್ದು ಎಲ್ಲವನ್ನೂ ಒಟ್ಟಿಗೆ ಅಳೆಯಿತು, ಎರಡನೆಯದು ಉರಿಯುವಿಕೆಯನ್ನು ಮಾತ್ರ.

ಮೂರನೆಯ ಕೊಂಡಿ ಸಿಕ್ಕಿದ್ದು ರೋಮಿನಲ್ಲಿ. 25ರಿಂದ 50 ವರ್ಷದ 1,046 ಹೆಂಗಸರನ್ನು ನೋಡಿದ ಚರ್ಮತಜ್ಞರ ತಂಡ 2009ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿತು. ಹರೆಯ ದಾಟಿದ ಮೇಲೂ ಮೊಡವೆ ಇದ್ದವರಲ್ಲಿ ಹೆಚ್ಚಿನವರದು ಕೆಂಪಿಲ್ಲದ, ಕೀವಿಲ್ಲದ, ಬರೀ ಕಾಮೆಡೋನ್ ತುಂಬಿದ ಬಗೆ. ಆ ಗುಂಪಿನಲ್ಲಿ ಸೇದುವವರೇ ಬಹುಪಾಲು. ಕೀವಿನ ಮೊಡವೆ ಇದ್ದವರಲ್ಲಿ ಸೇದುವವರ ಪ್ರಮಾಣ ಅದಕ್ಕಿಂತ ತೀರಾ ಕಡಿಮೆ. ಆ ತಂಡ ಇದನ್ನು ಸೇದುವವರ ಮೊಡವೆ ಎಂದೇ ಕರೆಯಿತು. ಅವರ ಮುಖದ ಜಿಡ್ಡನ್ನು ಪರೀಕ್ಷಿಸಿದಾಗ ವಿಟಮಿನ್ ಇ ಕಡಿಮೆ, ಕೆಟ್ಟುಹೋದ ಸ್ಕ್ವಾಲೀನ್ (ಜಿಡ್ಡಿನಲ್ಲಿರುವ ಒಂದು ಎಣ್ಣೆ) ಹೆಚ್ಚು ಇತ್ತು.

ಇಸ್ರೇಲಿನ ಅಂಕಿಯನ್ನು ಓದಿ ಸಿಗರೇಟು ಮೊಡವೆಗೆ ಮದ್ದು ಎಂದುಕೊಳ್ಳುವವರೂ ಇದ್ದಾರೆ. ಒಮ್ಮೆ ನೋಡಿದ ದಾಖಲೆಯಿಂದ ಯಾವುದು ಮೊದಲು, ಯಾವುದು ನಂತರ ಎಂದು ಹೇಳಲಾಗದು. ಮುಖ ತುಂಬ ಗಂಟು ಎದ್ದ ಹುಡುಗ ಗೆಳೆಯರ ಗುಂಪಿನಿಂದ ದೂರ ಉಳಿದು, ಆ ಕಾರಣಕ್ಕೇ ಸಿಗರೇಟು ಕಲಿಯದೇ ಇರಬಹುದು. ತೀವ್ರ ಮೊಡವೆಗೆ ಚಿಕಿತ್ಸೆ ಪಡೆಯುವವನಿಗೆ ವೈದ್ಯರು ಸೇದಬೇಡ ಎಂದಿರಬಹುದು. ಅದೆಲ್ಲ ಬಿಟ್ಟರೂ ಸಿಕ್ಕುವ ಲಾಭ ಸಾವಿರಕ್ಕೆ ಮೂರು. ಅದಕ್ಕೆ ಪ್ರತಿಯಾಗಿ ಕೊಡುವುದು ಹೃದಯ ಮತ್ತು ಶ್ವಾಸಕೋಶ.

ಆನುವಂಶಿಕತೆಯ ಪಾಲನ್ನೂ ಇಲ್ಲೇ ಹೇಳಬೇಕು. ಬ್ರಿಟನ್ನಿನ ಅವಳಿ ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇದ್ದ ಮೊಡವೆಯ ವ್ಯತ್ಯಾಸದಲ್ಲಿ ಶೇ 81ರಷ್ಟು ಆನುವಂಶಿಕ ಎಂದು ಕಂಡುಬಂತು. ಅಪ್ಪ ಅಮ್ಮ ಇಬ್ಬರಿಗೂ ಗುಳಿ ಬಿದ್ದ ಕೆನ್ನೆ ಇದ್ದರೆ ಮಗ ಒಂದೂ ಸಿಗರೇಟು ಮುಟ್ಟದೆಯೂ ಮೊಡವೆ ಪಡೆಯಬಹುದು. ಮುಖದ ಮೇಲೆ ಮೊಡವೆ ಕಂಡ ಕೂಡಲೇ "ಏನೋ ಚಟ ಶುರುವಾಗಿದೆ" ಎಂದು ಮಗನ ಮೇಲೆ ಗುಮಾನಿ ಪಡುವುದು ಅನ್ಯಾಯ.

ಹೊಗೆ ಚರ್ಮದೊಳಗೆ ಮಾಡುವ ಕೆಲಸ

ಮನುಷ್ಯನ ಜಿಡ್ಡಿನಲ್ಲಿ ಸುಮಾರು ಶೇ 12ರಷ್ಟು ಸ್ಕ್ವಾಲೀನ್ ಎಂಬ ಎಣ್ಣೆ ಇರುತ್ತದೆ. ಗಾಳಿ, ಬಿಸಿಲು, ಹೊಗೆಗೆ ಇದು ಬೇಗ ಆಕ್ಸಿಡೀಕರಣಗೊಳ್ಳುತ್ತದೆ. ಹಾಗೆ ಕೆಟ್ಟ ಸ್ಕ್ವಾಲೀನ್ ಪೆರಾಕ್ಸೈಡ್ ಕೂಪದ ಒಳಗೋಡೆಯನ್ನು ಕೆರಳಿಸಿ ಜೀವಕೋಶಗಳು ದಪ್ಪಗಟ್ಟುವಂತೆ ಮಾಡುತ್ತದೆ. ಮೊಲದ ಕಿವಿಗೆ ಇದನ್ನು ಹಚ್ಚಿ ಕಾಮೆಡೋನ್ ಎಬ್ಬಿಸಿದ ಪ್ರಯೋಗಗಳಿವೆ. ಜಿಡ್ಡಿನ ಜೊತೆಗೇ ಮೇಲೆ ಬರುವ ವಿಟಮಿನ್ ಇ ಇದನ್ನು ತಡೆಯಬೇಕು. ಸೇದುವವರಲ್ಲಿ ಆ ವಿಟಮಿನ್ ಹೊಗೆಯ ಫ್ರೀ ರ‍್ಯಾಡಿಕಲ್‌ಗಳನ್ನು (ಜೀವಕೋಶಕ್ಕೆ ಹಾನಿ ಮಾಡುವ ಚುರುಕು ಕಣಗಳನ್ನು) ತಣಿಸುವುದರಲ್ಲೇ ಖರ್ಚಾಗಿಹೋಗುತ್ತದೆ.

ಎರಡನೆಯ ದಾರಿ ಇನ್ನೂ ಕುತೂಹಲದ್ದು. ಎಲೆ, ಸೌದೆ, ತಂಬಾಕು ಏನೇ ಅರೆಬರೆ ಸುಟ್ಟರೂ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಚರ್ಮದ ಜೀವಕೋಶದೊಳಗೆ ಅವನ್ನು ಹಿಡಿಯುವ ಒಂದು ರಿಸೆಪ್ಟರ್ ಇದೆ, ಹೆಸರು ಎಎಚ್ಆರ್. ಇದೇ ರಿಸೆಪ್ಟರನ್ನು ಅತಿ ಬಲವಾಗಿ ಕೆರಳಿಸುವ ವಿಷ ಡಯಾಕ್ಸಿನ್. 1976ರಲ್ಲಿ ಇಟಲಿಯ ಸೆವೆಸೊದಲ್ಲಿ ಕಾರ್ಖಾನೆಯಿಂದ ಡಯಾಕ್ಸಿನ್ ಸೋರಿದಾಗ ಮಕ್ಕಳ ಮುಖದ ತುಂಬ ಎದ್ದದ್ದು, 2004ರಲ್ಲಿ ವಿಷಪ್ರಾಶನಕ್ಕೆ ಒಳಗಾದ ಉಕ್ರೇನಿನ ರಾಜಕಾರಣಿ ವಿಕ್ತರ್ ಯುಶ್ಚೆಂಕೊ ಅವರ ಮುಖವನ್ನು ಗುರುತು ಸಿಗದಂತೆ ಮಾಡಿದ್ದು ಕ್ಲೋರಾಕ್ನೆ ಎಂಬ ಮೊಡವೆ. ಅದರ ಲಕ್ಷಣವೂ ಇದೇ: ತೈಲಗ್ರಂಥಿ ಕುಗ್ಗುತ್ತದೆ, ಕೂಪ ಕಟ್ಟಿಕೊಂಡು ಕಾಮೆಡೋನ್ ತುಂಬುತ್ತದೆ. ಸಿಗರೇಟಿನದು ಅಷ್ಟು ಬಲದ ಹೊಡೆತವಲ್ಲ. ಆದರೆ ಅದೇ ದಿಕ್ಕಿನದು, ದಿನವೂ, ವರ್ಷಗಟ್ಟಲೆ. ರೋಮಿನ ಹೆಂಗಸರ ಮುಖದಲ್ಲಿ ಕೀವಿಲ್ಲದ ಗುಳ್ಳೆಗಳೇ ಯಾಕೆ ತುಂಬಿದ್ದವು ಎಂಬುದಕ್ಕೆ ನಮಗೆ ಅತ್ಯಂತ ಒಪ್ಪಿತವಾಗುವ ವಿವರಣೆ ಇದು.

ನಿಕೋಟಿನ್ ಪಾತ್ರ ಬೇರೆ. ಚರ್ಮದ ಹೊರಪದರದ ಜೀವಕೋಶಗಳಲ್ಲಿ ನಿಕೋಟಿನ್ನಿಗೆ ಓಗೊಡುವ ರಿಸೆಪ್ಟರ್‌ಗಳಿವೆ. ಚರ್ಮದ ಹೊರಪದರವನ್ನು ಗಡುಸಾಗಿಸುವ ಕೆರಟಿನ್ ಎಂಬ ಪ್ರೋಟೀನು ಗಟ್ಟಿಯಾಗುವ ವೇಗವನ್ನು ಅವು ಬದಲಿಸುತ್ತವೆ, ಅಂದರೆ ಕಟ್ಟಿಕೊಳ್ಳುವಿಕೆಗೆ ಇನ್ನಷ್ಟು ನೆರವು. ಇದೇ ನಿಕೋಟಿನ್ ಕೆಲವು ಬಗೆಯ ಉರಿಯೂತವನ್ನು ಮಾತ್ರ ತಗ್ಗಿಸುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಕಾಯಿಲೆ ಸೇದುವವರಲ್ಲಿ ಕಡಿಮೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಇಸ್ರೇಲಿನ ಅಂಕಿಗೆ ಇದೂ ಒಂದು ಕಾರಣವಿರಬಹುದು. ಜೊತೆಗೆ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದ ಆಮ್ಲಜನಕದ ಜಾಗವನ್ನು ಕಸಿಯುತ್ತದೆ. ಕೆಂಪು ಕಡಿಮೆ ಕಂಡರೂ ಗಾಯ ಮಾಯುವುದು ನಿಧಾನ. ಮೊಡವೆಯ ಗುಳಿಗೆ ಲೇಸರ್, ಪೀಲಿಂಗ್, ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ವೈದ್ಯರು ಮುಂಚಿತವಾಗಿ ಸಿಗರೇಟು ಬಿಡಿ ಎನ್ನುವುದು ಇದಕ್ಕೇ.

ನಂಟು ಗಟ್ಟಿಯಾಗಿರುವ ಎರಡು ಜಾಗ

ಕಂಕುಳು, ತೊಡೆಸಂದು, ಸ್ತನದ ಕೆಳಗಿನ ಮಡಿಕೆಯಲ್ಲಿ ಮತ್ತೆ ಮತ್ತೆ ಕುರು ಏಳುತ್ತದೆ. ಒಡೆದು ಸೋರುತ್ತದೆ, ಮಾಯಿತು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಉಷ್ಣ ಎಂದು ಮಜ್ಜಿಗೆ ಕುಡಿಸಿ, ಪ್ರತಿ ಸಲ ಕೊಯ್ಯಿಸಿ ಕೀವು ತೆಗೆಸಿ ವರ್ಷ ಕಳೆಯುತ್ತಾರೆ. ಇದು ಹೈಡ್ರಡಿನೈಟಿಸ್ ಸಪ್ಪುರೇಟಿವಾ ಎಂಬ ಕಾಯಿಲೆ ಆಗಿರಬಹುದು. ಇದೂ ರೋಮಕೂಪ ಕಟ್ಟಿಕೊಂಡೇ ಶುರುವಾಗುವಂಥದ್ದು, ಮೊಡವೆಯ ಹತ್ತಿರದ ನೆಂಟ. ಯುರೋಪಿನ ರೋಗಿಗಳಲ್ಲಿ ಹತ್ತಕ್ಕೆ ಏಳರಿಂದ ಒಂಬತ್ತು ಮಂದಿ ಸೇದುವವರು. ಗುರುತು ಹಿಡಿಯುವ ಸುಲಭ ದಾರಿ: ಒಂದೇ ಗುಳಿಯಲ್ಲಿ ಜೋಡಿ ಬ್ಲ್ಯಾಕ್‌ಹೆಡ್, ಚರ್ಮದಡಿ ಹಗ್ಗದಂತೆ ಗಟ್ಟಿಯಾದ ಗೆರೆ, ಆರು ತಿಂಗಳಲ್ಲಿ ಎರಡು ಮೂರು ಬಾರಿ ಅದೇ ಜಾಗದಲ್ಲಿ ಕುರು. ಬರೀ ಕೊಯ್ದು ಕೀವು ತೆಗೆದರೆ ಮತ್ತೆ ಬರುತ್ತದೆ, ಒಳಗೆ ಸುರಂಗ ಆಗುತ್ತದೆ. ನಾಚಿಕೆಯಿಂದ ಯಾರಿಗೂ ತೋರಿಸದೆ ಮುಚ್ಚಿಟ್ಟುಕೊಳ್ಳುವ ಕಾಯಿಲೆ ಇದು. ಚರ್ಮರೋಗ ತಜ್ಞರನ್ನು ಬೇಗ ನೋಡಿದಷ್ಟೂ ಒಳ್ಳೆಯದು. ಸಿಗರೇಟು ಬಿಡುವುದು ಮತ್ತು ತೂಕ ಇಳಿಸುವುದು ಚಿಕಿತ್ಸೆಯ ಭಾಗವೇ.

ಇನ್ನೊಂದು, ಜೀವನವೆಲ್ಲ ಗದ್ದೆ ತೋಟದ ಬಿಸಿಲಲ್ಲಿ ದುಡಿದು ಬೀಡಿ ಸೇದಿದ ಹಿರಿಯರ ಕಣ್ಣಿನ ಹೊರಮೂಲೆ ಮತ್ತು ಕಣ್ಣಿನ ಕೆಳಗೆ ಕಾಣುವ ದೊಡ್ಡ ದೊಡ್ಡ ಬ್ಲ್ಯಾಕ್‌ಹೆಡ್‌ಗಳು. ಚರ್ಮ ದಪ್ಪಗಟ್ಟಿ ಹಳದಿಗಟ್ಟಿರುತ್ತದೆ. ಬಿಸಿಲು ಮತ್ತು ಹೊಗೆ ಎರಡೂ ಸೇರಿದಾಗ ಆಗುವ ಇದಕ್ಕೆ ಫಾವ್ರ್-ರಕೂಶೊ ಎಂದು ಹೆಸರು. ಅಪಾಯವಿಲ್ಲ. ಆದರೆ ಅಷ್ಟು ಬಿಸಿಲು ತಿಂದ ಚರ್ಮದಲ್ಲಿ ಮಾಯದ ಹುಣ್ಣೋ ಗಂಟೋ ಬೇರೆ ಇದ್ದರೆ ತೋರಿಸಬೇಕು.

ಮಲೆನಾಡಿನಲ್ಲಿ ತಪ್ಪು ತಿಳಿಯುವುದು ಎಲ್ಲಿ

2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8, ಜಗಿಯುವ ಬಗೆಯವು ಶೇ 16.3. ನಮ್ಮಲ್ಲಿ ಸೇದುವ ಹೆಂಗಸರು ತೀರಾ ವಿರಳ. ಹಾಗಾಗಿ ಇಲ್ಲಿನ ಮೂವತ್ತು ದಾಟಿದ ಹೆಣ್ಣುಮಗಳ ಮೊಡವೆಗೆ ಮೊದಲು ಹುಡುಕಬೇಕಾದ್ದು ಸಿಗರೇಟನ್ನಲ್ಲ. ಮುಟ್ಟು ಏರುಪೇರಾಗಿದೆಯೇ, ಗಲ್ಲದ ಮೇಲೆ ಕೂದಲು ಹೆಚ್ಚಿದೆಯೇ, ಅಂದರೆ ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನಿನ ಏರುಪೇರಿನ ತೊಂದರೆ) ಇದೆಯೇ, ಮುಖಕ್ಕೆ ಏನು ಹಚ್ಚುತ್ತಿದ್ದಾರೆ ಎಂದು ಮೊದಲು ನೋಡಬೇಕು. ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆಯ ಮುಂದೆ ಗಂಟೆಗಟ್ಟಲೆ ಕೂರುವವರ ವಿಷಯದಲ್ಲಿ ಹೊಗೆಯನ್ನು ಮರೆಯಬಾರದು. ಸೌದೆ ಹೊಗೆಯಲ್ಲೂ ಅದೇ ಹೈಡ್ರೋಕಾರ್ಬನ್‌ಗಳಿವೆ. ಒಲೆಗೆ ಚಿಮಣಿ ಇರಲಿ, ಕೆಲಸ ಮುಗಿದ ಮೇಲೆ ಮುಖ ತೊಳೆಯಲಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ ಮಳೆ. ಅಂಥ ಮಳೆಗಾಲದಲ್ಲಿ ಒಣಗದ ಬನಿಯನ್, ಒದ್ದೆ ಕಂಬಳಿ, ಬೆವರು, ತಲೆಯಿಂದ ಹಣೆಗೆ ಇಳಿಯುವ ಕೊಬ್ಬರಿ ಎಣ್ಣೆ ಎಲ್ಲ ಸೇರಿ ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಏಳುತ್ತವೆ, ತುರಿಸುತ್ತವೆ. ಅದರಲ್ಲಿ ಬ್ಲ್ಯಾಕ್‌ಹೆಡ್ ಇರುವುದಿಲ್ಲ. ಇದು ಮಲಸೀಜಿಯಾ ಎಂಬ ಶಿಲೀಂಧ್ರದ ಕಾಟ, ಮೊಡವೆಯಲ್ಲ. ಮೊಡವೆ ಎಂದುಕೊಂಡು ಆಂಟಿಬಯೋಟಿಕ್ ನುಂಗಿದರೆ ಇನ್ನೂ ಜಾಸ್ತಿಯಾಗುತ್ತದೆ, ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕಕ್ಕೆ ಬಗ್ಗುತ್ತದೆ. ಹೆಲ್ಮೆಟ್ಟಿನ ಪಟ್ಟಿ, ಹಾಳೆಟೋಪಿಯ ಅಂಚು ಉಜ್ಜುವ ಗೆರೆಯಲ್ಲೇ ಸಾಲಾಗಿ ಎದ್ದಿದ್ದರೆ ಕಾರಣ ತಿಕ್ಕಾಟ.

ಇನ್ನು ಚಾದಂಗಡಿ. ಸಿಗರೇಟು ಇಲ್ಲಿ ಒಂಟಿಯಾಗಿ ಬರುವುದಿಲ್ಲ, ಸಕ್ಕರೆ ತುಂಬಿದ ಹಾಲಿನ ಚಹಾ, ಬನ್ನು, ಬೋಂಡದ ಜೊತೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 43 ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರಕ್ತದ ಸಕ್ಕರೆಯನ್ನು ನಿಧಾನ ಏರಿಸುವ ಊಟ ಕೊಟ್ಟು 12 ವಾರ ನೋಡಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಆ ಗುಂಪಿನಲ್ಲಿ ಮೊಡವೆ ಇನ್ನೊಂದಕ್ಕಿಂತ ಹೆಚ್ಚು ಇಳಿಯಿತು. ಹಾಗಾಗಿ ಸಿಗರೇಟು ಬಿಟ್ಟವನಿಗೆ ಮೊಡವೆ ಇಳಿದರೆ ಅದಕ್ಕೆ ದಿನಕ್ಕೆ ಐದು ಸಿಹಿ ಚಹಾ ತಪ್ಪಿದ್ದೂ ಕಾರಣವಿರಬಹುದು. ಸಿಗರೇಟು ಬಿಟ್ಟು ಬಾಯಿಚಪಲಕ್ಕೆ ಸಿಹಿ ಹಿಡಿದವನಿಗೆ ಮೊಡವೆ ಏರಬಹುದು. ಆಗ ಅವನು ಬೈಯುವುದು ಸಿಗರೇಟು ಬಿಟ್ಟಿದ್ದನ್ನು.

ಸಿಗರೇಟಿನ ಬದಲು ಗುಟ್ಕಾ ಅಥವಾ ಹೊಗೆಸೊಪ್ಪಿನ ಕವಳಕ್ಕೆ ಬದಲಾಗುವವರೂ ಇದ್ದಾರೆ. ಸುಟ್ಟ ಹೊಗೆ ಇಲ್ಲದ್ದರಿಂದ ಚರ್ಮಕ್ಕೆ ಆ ಹೈಡ್ರೋಕಾರ್ಬನ್‌ಗಳ ಹೊಡೆತ ಇಲ್ಲ, ನಿಜ. ಆದರೆ ನಿಕೋಟಿನ್ ಇದ್ದೇ ಇದೆ, ಬಾಯಿಯ ಕ್ಯಾನ್ಸರ್ ಎದುರಿಗೆ ನಿಂತಿದೆ. ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಅಡಿಕೆಯಿಂದ ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಮುಖದ ನಾಲ್ಕು ಗುಳ್ಳೆಗೆ ಬಾಯಿಯನ್ನು ಅಡವಿಡಬೇಡಿ ಎಂದು ಹೇಳಲೇಬೇಕು.

ನಿಮ್ಮ ಮುಖದಲ್ಲೇ ನೋಡುವುದು ಹೇಗೆ

ಬೆಳಿಗ್ಗೆ ಕಿಟಕಿಯ ಪಕ್ಕ ನಿಂತು, ಬೆಳಕು ಓರೆಯಾಗಿ ಬೀಳುವಂತೆ ಕನ್ನಡಿ ಹಿಡಿಯಿರಿ. ಎರಡು ಬೆರಳಿನಿಂದ ಕೆನ್ನೆಯ ಚರ್ಮವನ್ನು ಎಳೆಯಿರಿ. ಎಳೆದಾಗ ಬಾಯಿ ಮುಚ್ಚಿದ ಗುಳ್ಳೆಗಳು ಬಿಳಿ ರವೆಯ ಕಾಳಿನಂತೆ ಎದ್ದು ಕಾಣುತ್ತವೆ. ಒಂದು ಕೆನ್ನೆ ಮತ್ತು ಹಣೆ ಮಾತ್ರ ಆರಿಸಿಕೊಂಡು, ಕಟ್ಟಿಕೊಂಡವು ಎಷ್ಟು, ಕೆಂಪಾದವು ಎಷ್ಟು ಎಂದು ಬೇರೆ ಬೇರೆ ಎಣಿಸಿ ಬರೆದಿಡಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು. ಹೆಂಗಸರು ಮುಟ್ಟಿನ ಚಕ್ರದ ಅದೇ ದಿನಗಳಲ್ಲಿ ಎಣಿಸಬೇಕು, ಮುಟ್ಟಿಗೆ ಮುಂಚಿನ ವಾರ ಹಲವರಿಗೆ ಏರುತ್ತದೆ.

25 ದಾಟಿದೆ, ಕೆಂಪಿಗಿಂತ ಕಟ್ಟಿಕೊಂಡವೇ ಬಹಳ, ಕೆನ್ನೆ ಹಣೆಯೆಲ್ಲ ಹರಡಿವೆ, ವರ್ಷಗಳಿಂದ ಸೇದುತ್ತಿದ್ದೀರಿ. ಹಾಗಿದ್ದರೆ ಹೊಗೆಯ ಪಾಲು ಇದೆ ಎಂದುಕೊಳ್ಳಲು ಒಳ್ಳೆಯ ಕಾರಣವಿದೆ. ಹದಿನೇಳರ ವಯಸ್ಸು, ಹಣೆ ಮೂಗು ಗಲ್ಲದಲ್ಲಿ ಜಿಡ್ಡು, ಕೆಂಪು, ಕೀವು: ಇದು ಹಾರ್ಮೋನು ಮತ್ತು ವಂಶದ ಮೊಡವೆ. ಇದಕ್ಕೆ ಮದ್ದು ಬೇಕು, ಸಿಗರೇಟು ಬಿಟ್ಟದ್ದರಿಂದ ಮಾತ್ರ ಹೋಗುವುದಿಲ್ಲ. ಬಿಡಲು ಬೇರೆ ನೂರು ಕಾರಣಗಳಿವೆ, ಅವನ್ನು ಅವನಿಗೆ ನೇರವಾಗಿ ಹೇಳಿ.

ಇವತ್ತು ಕಣ್ಣಿಗೆ ಬಿದ್ದ ಗುಳ್ಳೆ ಒಳಗೆ ಕಟ್ಟಲು ಶುರುವಾಗಿ ವಾರಗಳೇ ಆಗಿರುತ್ತವೆ. ಸಿಗರೇಟು ಬಿಟ್ಟರೂ, ಮುಲಾಮು ಹಚ್ಚಿದರೂ ಮೂರು ತಿಂಗಳು ತುಂಬುವವರೆಗೆ ತೀರ್ಪು ಕೊಡಬೇಡಿ. ಹದಿನೈದು ದಿನಕ್ಕೆ ಬದಲಾಯಿಸುತ್ತ ಹೋಗುವುದರಿಂದಲೇ ಅರ್ಧ ಚಿಕಿತ್ಸೆಗಳು ಸೋಲುತ್ತವೆ.

ಕಟ್ಟಿಕೊಳ್ಳುವ ಬಗೆಗೆ ಮುಖ್ಯ ಮದ್ದು ಅಡಾಪಲೀನ್ ಶೇ 0.1ರ ಜೆಲ್. ರಾತ್ರಿ ಮುಖ ತೊಳೆದು, ಇಪ್ಪತ್ತು ನಿಮಿಷ ಪೂರ್ತಿ ಒಣಗಲು ಬಿಟ್ಟು, ಬಟಾಣಿ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಗುಳ್ಳೆಯ ಮೇಲಷ್ಟೇ ಚುಕ್ಕಿ ಇಟ್ಟರೆ ಮುಂದೆ ಏಳುವುದನ್ನು ಅದು ತಡೆಯುವುದಿಲ್ಲ. ಕಣ್ಣಿನ ಸುತ್ತ, ತುಟಿಯ ಮೂಲೆ, ಮೂಗಿನ ಮಡಿಕೆ ಬಿಡಿ. ಮೊದಲ ಎರಡು ವಾರ ದಿನ ಬಿಟ್ಟು ದಿನ. ಎರಡರಿಂದ ನಾಲ್ಕನೇ ವಾರದಲ್ಲಿ ಮೊಡವೆ ಹೆಚ್ಚಿದಂತೆ ಕಾಣಬಹುದು, ಚರ್ಮ ಸುಲಿಯಬಹುದು. ಬಹಳ ಜನ ನಿಲ್ಲಿಸುವುದು ಆಗಲೇ. ಡಿಸೆಂಬರ್ ಜನವರಿಯ ಒಣ ಚಳಿಯಲ್ಲಿ ಶುರು ಮಾಡುವುದಾದರೆ ಜಿಡ್ಡಿಲ್ಲದ ಮಾಯಿಶ್ಚರೈಸರ್ ಜೊತೆಗಿರಲಿ. ಕೆಂಪು ಗುಳ್ಳೆ ಇದ್ದರೆ ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ ಶೇ 2.5. ಅದು ಟವೆಲ್ಲು, ತಲೆದಿಂಬಿನ ಬಣ್ಣ ತೆಗೆಯುತ್ತದೆ, ಬಿಳಿ ಬಟ್ಟೆ ಬಳಸಿ. ಕ್ಲಿಂಡಮೈಸಿನ್ ಎಂಬ ಆಂಟಿಬಯೋಟಿಕ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗುತ್ತದೆ. ಬಸುರಿಯರು, ಬಸಿರಿಗೆ ಪ್ರಯತ್ನಿಸುತ್ತಿರುವವರು ಅಡಾಪಲೀನ್ ಬಳಸಬಾರದು. ತೀವ್ರ ಮೊಡವೆಗೆ ನುಂಗಲು ಕೊಡುವ ಐಸೊಟ್ರೆಟಿನೊಯಿನ್ ಅಂತೂ ಹೊಟ್ಟೆಯಲ್ಲಿರುವ ಮಗುವಿಗೆ ಭಾರಿ ಹಾನಿ ಮಾಡುತ್ತದೆ. ತಜ್ಞರ ನಿಗಾ ಇಲ್ಲದೆ ಅದನ್ನು ಮುಟ್ಟಬಾರದು.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬಿನ ಮೇಲೆ ಬೆಟಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದಿದೆಯೇ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ವಾರದಲ್ಲೇ ಮುಖ ಬೆಳ್ಳಗೆ, ನಯವಾಗಿ ಕಾಣುತ್ತದೆ. ಬಿಟ್ಟ ಕೂಡಲೇ ಕೆಂಪಗೆ ಉರಿದು, ಗುಳ್ಳೆ ಮುಂಚಿಗಿಂತ ದಟ್ಟವಾಗಿ ಏಳುತ್ತದೆ. ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ 2,926 ರೋಗಿಗಳನ್ನು ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ, ಅಂದರೆ ಶೇ 14.8, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದವರು. ನಮ್ಮ ಕಡೆ ಮೊಡವೆ ಕೆಡುವುದಕ್ಕೆ ಸಿಗರೇಟಿಗಿಂತ ಈ ಟ್ಯೂಬುಗಳ ಪಾಲೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಬಿಡುವವರಿಗೆ

ನಿಕೋಟಿನ್ ಬಿಟ್ಟ ಎರಡನೆಯ ಮೂರನೆಯ ದಿನ ಚಡಪಡಿಕೆ ಅತಿ ಹೆಚ್ಚು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇಬೇಕು ಅನ್ನುವವರಿಗೆ 4 ಮಿ.ಗ್ರಾಂ., ಉಳಿದವರಿಗೆ 2 ಮಿ.ಗ್ರಾಂ. ಚೂಯಿಂಗ್ ಗಮ್ಮಿನಂತೆ ಒಂದೇ ಸಮ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಹೊಟ್ಟೆ ತೊಳೆಸುವುದು ಆಗುತ್ತದೆ. ನಾಲ್ಕೈದು ಸಲ ಮೆಲ್ಲಗೆ ಜಗಿದು, ಖಾರ ಖಾರ ಅನ್ನಿಸಿದಾಗ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ. ಖಾರ ಇಳಿದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಹಾಕುವ 15 ನಿಮಿಷ ಮುಂಚೆ ಕಾಫಿ, ಲಿಂಬೆ ಪಾನಕ ಕುಡಿದರೆ ಬಾಯಿ ಹುಳಿಯಾಗಿ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಶುರುವಿನಲ್ಲಿ ಗಂಟೆ ಎರಡು ಗಂಟೆಗೊಂದು ಹಾಕಬಹುದು, ಮತ್ತೆ ನಿಧಾನಕ್ಕೆ ಕಡಿಮೆ ಮಾಡಿ.

ಕಾಫಿ ಕುಡಿಯುವ ಸೀಮೆಯವರಿಗೆ ಇನ್ನೊಂದು ಮಾತು. ಹೊಗೆಯ ಅದೇ ಹೈಡ್ರೋಕಾರ್ಬನ್‌ಗಳು ಯಕೃತ್ತಿನಲ್ಲೂ ಅದೇ ಎಎಚ್ಆರ್ ಮೂಲಕ ಕೆಫೀನನ್ನು ಬೇಗ ಕರಗಿಸುವ ಕಿಣ್ವವನ್ನು ಹೆಚ್ಚಿಸಿರುತ್ತವೆ. ಸಿಗರೇಟು ಬಿಟ್ಟ ಕೆಲವೇ ದಿನಗಳಲ್ಲಿ ಆ ಕಿಣ್ವ ಇಳಿಯುತ್ತದೆ. ಕುಡಿಯುವುದು ಅಷ್ಟೇ ಲೋಟ, ರಕ್ತದಲ್ಲಿ ಕೆಫೀನ್ ಹೆಚ್ಚು ಕಡಿಮೆ ಎರಡು ಪಟ್ಟು. ನಿದ್ದೆ ಬಾರದು, ಎದೆ ಡವಗುಟ್ಟುತ್ತದೆ, ಸಿಡಿಮಿಡಿ. ಎಲ್ಲವನ್ನೂ ಸಿಗರೇಟು ಬಿಟ್ಟದ್ದರ ಕಾಟ ಎಂದುಕೊಂಡು ಮತ್ತೆ ಹಚ್ಚಿಬಿಡುತ್ತಾರೆ. ಬಿಡುವ ದಿನದಿಂದಲೇ ಕಾಫಿ ಚಹಾವನ್ನು ಅರ್ಧಕ್ಕೆ ಇಳಿಸಿ, ಸಂಜೆ ನಾಲ್ಕರ ಮೇಲೆ ಬೇಡ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ, ಸಿಗರೇಟಿನ ಪೊಟ್ಟಣದ ಮೇಲೂ ಈ ಸಂಖ್ಯೆ ಇರುತ್ತದೆ.

ಮೊಡವೆಗೆಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮ ವಿಭಾಗಕ್ಕೋ ಬೇರೆ ತಜ್ಞರ ಬಳಿಗೋ ಹೋದಾಗ ಸೇದುವುದನ್ನು ಮುಚ್ಚಿಡಬೇಡಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬೀಡಿಯೋ ಸಿಗರೇಟೋ, ಅಷ್ಟು ಹೇಳಿದರೆ ಸಾಕು. ಐಸೊಟ್ರೆಟಿನೊಯಿನ್ ರಕ್ತದ ಕೊಬ್ಬನ್ನು ಏರಿಸುವ ಮದ್ದು, ಸೇದುವವರಲ್ಲಿ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ. ಮೊಡವೆಗೋ ಪಿಸಿಒಎಸ್‌ಗೋ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಬರೆಯುವ ಮುಂಚೆಯಂತೂ ಈ ಪ್ರಶ್ನೆ ಜೀವದ ಪ್ರಶ್ನೆ: 35 ದಾಟಿದ, ಸೇದುವ ಹೆಂಗಸಿಗೆ ಆ ಮಾತ್ರೆ ಕೊಟ್ಟರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಮಗನ ಜೊತೆ ಅಮ್ಮ, ಸೊಸೆಯ ಜೊತೆ ಅತ್ತೆ ಕೂತಿರುವ ಕೋಣೆಯಲ್ಲಿ ಈ ಪ್ರಶ್ನೆಗೆ ಬರುವ ಉತ್ತರ "ಇಲ್ಲ ಡಾಕ್ಟ್ರೇ" ಒಂದೇ. ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಲು ಹೇಳಿ ಕೇಳಬೇಕು. ಜೊತೆಗೆ ಹೋದ ಹಿರಿಯರು, ಡಾಕ್ಟರು ಹೇಳುವ ತನಕ ಕಾಯದೆ, ತಾವೇ ಎದ್ದು ಹೊರಗೆ ಬಂದರೂ ಆಯಿತು.